ಸುಣ್ಣ ಮತ್ತು ದಂಟಿನ ಬೆಂಡು: ಗೋಡೆಗೆ ಶಾಖ ತಡೆಯುವ ಪದರ ಕಟ್ಟುವ ಬಗೆ

ನಾರು ಸುಲಿದ ಮೇಲೆ ಉಳಿಯುವ ಸೆಣಬಿನ ದಂಟನ್ನು ಅಡ್ಡಕ್ಕೆ ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿ. ಒಳಗೆಲ್ಲ ಕೂದಲೆಳೆಯಂಥ ಕೊಳವೆಗಳೇ. ಗಿಡ ಬದುಕಿದ್ದಾಗ ಅವುಗಳಲ್ಲಿ ನೀರು ಏರುತ್ತಿತ್ತು, ಒಣಗಿದ ಮೇಲೆ ಗಾಳಿ ನಿಂತಿದೆ. ಶಾಖವನ್ನು ತಡೆಯುವುದು ಆ ನಿಂತ ಗಾಳಿ. ಅಲುಗಾಡದ ಗಾಳಿಯ ಉಷ್ಣ ವಾಹಕತೆ ಸುಮಾರು 0.025 ವ್ಯಾಟ್ ಪ್ರತಿ ಮೀಟರ್-ಕೆಲ್ವಿನ್, ನೀರಿನದು 0.6. ಅದೇ ಕೊಳವೆಗೆ ಗಾಳಿಯ ಬದಲು ನೀರು ಬಂದು ಕೂತರೆ ಶಾಖ ಇಪ್ಪತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ದಾಟುತ್ತದೆ. ಮುಂದೆ ಹೇಳುವ ಅಳತೆಗಳು, ಎಚ್ಚರಿಕೆಗಳು ಎಲ್ಲವೂ ಇಲ್ಲಿಂದಲೇ ಹುಟ್ಟಿದವು: ಗಾಳಿ ಒಳಗೆ ಉಳಿಯಬೇಕು, ಕಲಸುವಾಗ ಹಾಕಿದ ನೀರು ಪೂರ್ತಿ ಹೊರಗೆ ಹೋಗಬೇಕು.

ಇಲ್ಲಿ ವಿವರಿಸಿರುವುದು ದಂಟಿನ ಚೂರನ್ನು ಸುಣ್ಣದಲ್ಲಿ ಕಲಸಿ ಹಲಗೆಗಳ ನಡುವೆ ತುಂಬುವ ವಿಧಾನ. 1980ರ ದಶಕದಲ್ಲಿ ಫ್ರಾನ್ಸಿನಲ್ಲಿ ಮರದ ಚೌಕಟ್ಟಿನ ಹಳೆಯ ಮನೆಗಳನ್ನು ದುರಸ್ತಿ ಮಾಡುವಾಗ ಬೆಳೆದ ಪದ್ಧತಿ ಇದು. ಈಗಾಗಲೇ ಇರುವ ಇಟ್ಟಿಗೆ ಗೋಡೆಯ ಹೊರಮೈಗೆ 100 ಮಿ.ಮೀ. ಪದರ ಹಾಕುವುದನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಒಂದು ಮಾತು ಮೊದಲೇ ತಿಳಿದಿರಲಿ: ಈ ವಸ್ತು ಭಾರ ಹೊರುವುದಿಲ್ಲ. ಇದರ ಒತ್ತಡ ಸಾಮರ್ಥ್ಯ ಸಾಮಾನ್ಯವಾಗಿ 1 ಮೆಗಾಪಾಸ್ಕಲ್‌ಗಿಂತ ಕಡಿಮೆ. ಭಾರಕ್ಕೆ ಗೋಡೆಯೋ ಮರದ ಚೌಕಟ್ಟೋ ಬೇರೆ ಇರಲೇಬೇಕು.

ಎಷ್ಟು ದಪ್ಪ ಸಾಕು

ದಪ್ಪವನ್ನು (ಮೀಟರ್‌ನಲ್ಲಿ) ವಾಹಕತೆಯಿಂದ ಭಾಗಿಸಿದರೆ ಆ ಪದರದ ಶಾಖ ತಡೆ ಸಿಗುತ್ತದೆ. 230 ಮಿ.ಮೀ. ಇಟ್ಟಿಗೆ ಗೋಡೆಗೆ, ಇಟ್ಟಿಗೆಯ ವಾಹಕತೆ 0.7 ಎಂದು ಹಿಡಿದರೆ, ತಡೆ 0.33. ಗೋಡೆಯ ಒಳಮೈ ಹೊರಮೈಗಳಿಗೆ ಅಂಟಿದ ಗಾಳಿಯ ತೆಳುಪದರಗಳದ್ದು 0.17. ಒಟ್ಟು 0.5. ಇದನ್ನು ತಲೆಕೆಳಗು ಮಾಡಿದರೆ ಯು ಮೌಲ್ಯ 2.0: ಒಳಗೂ ಹೊರಗೂ 1 ಡಿಗ್ರಿ ವ್ಯತ್ಯಾಸವಿದ್ದಾಗ ಪ್ರತಿ ಚದರ ಮೀಟರ್‌ಗೆ 2 ವ್ಯಾಟ್ ಶಾಖ ದಾಟುತ್ತದೆ.

ಸುಣ್ಣ-ಬೆಂಡಿನ ಗೋಡೆ ಮಿಶ್ರಣದ ವಾಹಕತೆ ಒಣಗಿದ ಮೇಲೆ 0.08ರ ಆಸುಪಾಸು. 100 ಮಿ.ಮೀ. ಸೇರಿಸಿದರೆ ತಡೆ 1.25 ಹೆಚ್ಚಿ ಯು ಮೌಲ್ಯ 0.57ಕ್ಕೆ ಇಳಿಯುತ್ತದೆ. 150 ಮಿ.ಮೀ. ಹಾಕಿದರೆ 0.42. ಮೊದಲ 100 ಮಿ.ಮೀ. ಶಾಖದ ಹರಿವನ್ನು ಶೇ 70ಕ್ಕಿಂತ ಹೆಚ್ಚು ತಗ್ಗಿಸಿತು, ಆಮೇಲಿನ 50 ಮಿ.ಮೀ. ಕೊಟ್ಟದ್ದು ಸ್ವಲ್ಪ ಮಾತ್ರ. ದಪ್ಪ ಹೆಚ್ಚಿದಂತೆ ಒಣಗುವ ಕಾಲವೂ ಎಳೆಯುತ್ತದೆ. ಹಳೆಯ ಗೋಡೆಗೆ 100 ಮಿ.ಮೀ. ಸರಿಯಾದ ಅಳತೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಸಾಧ್ಯವಿದ್ದಲ್ಲೆಲ್ಲ ಹೊರಮೈಗೇ ಹಾಕಿ. ಆಗ ಇಟ್ಟಿಗೆಯ ಭಾರವಾದ ಮೈ ಒಳಗೆ ಉಳಿದು ಕೋಣೆಯ ತಾಪಮಾನದ ಏರಿಳಿತವನ್ನು ಹಿಡಿದಿಡುತ್ತದೆ. ಚಳಿ ಹೆಚ್ಚಿರುವ ಕಡೆ ಒಳಮೈಗೆ ಹಾಕಿದರೆ ಇಟ್ಟಿಗೆ ತಣ್ಣಗಾಗಿ, ಕೋಣೆಯ ಆವಿ ಪದರದ ಹಿಂದೆ ಹನಿಗಟ್ಟುವ ಅಪಾಯ ಇದೆ.

ದಂಟು ಆರಿಸುವುದು

ಬೇಕಾಗಿರುವುದು ದಂಟಿನ ಒಳಗಿನ ಹಗುರ ಬೆಂಡು, 5ರಿಂದ 25 ಮಿ.ಮೀ. ಉದ್ದದ ಚೂರು. ಹೆಂಪ್ (ನಾರಿಗಾಗಿ ಬೆಳೆಯುವ ಗಾಂಜಾ ಜಾತಿಯ ಗಿಡ), ಸೆಣಬು, ಅಗಸೆಯ ದಂಟು ಒಳ್ಳೆಯವು. ನಾರು ಸುಲಿದಿರಬೇಕು. ಉದ್ದನೆಯ ನಾರು ಉಳಿದಿದ್ದರೆ ಕಲಸುವಾಗ ಸುತ್ತಿಕೊಂಡು ಉಂಡೆ ಕಟ್ಟುತ್ತದೆ, ಉಂಡೆಯ ಒಳಗೆ ಸುಣ್ಣ ಹೋಗುವುದೇ ಇಲ್ಲ.

ಭತ್ತದ ಹೊಟ್ಟನ್ನು ಕೇಳುವವರು ಬಹಳ. ಅದರ ತೂಕದಲ್ಲಿ ಶೇ 15ರಿಂದ 20ರಷ್ಟು ಸಿಲಿಕಾ ಇದೆ, ಮೈ ನುಣುಪು. ಸುಣ್ಣ ಅದಕ್ಕೆ ಕಚ್ಚಿಕೊಳ್ಳುವುದಿಲ್ಲ, ಒಣಗಿದ ಮೇಲೆ ಬೆರಳಲ್ಲಿ ಕೆರೆದರೆ ಉದುರುತ್ತದೆ. ಒಣಗಿದ ಹೊಟ್ಟನ್ನು ಹಾಗೆಯೇ ಸೀಲಿಂಗ್ ಮೇಲೆ ಸಡಿಲವಾಗಿ ಹರಡಲು ಬಳಸಿ, ಗೋಡೆಗೆ ಬೇಡ. ಕಬ್ಬಿನ ಸಿಪ್ಪೆಯಲ್ಲಿ ಸಕ್ಕರೆ ಉಳಿದಿರುತ್ತದೆ, ಚೆನ್ನಾಗಿ ತೊಳೆಯದೆ ಮುಟ್ಟಬೇಡಿ. ತೆಂಗಿನ ನಾರಿನಲ್ಲಿ ಲಿಗ್ನಿನ್ (ಗಿಡಕ್ಕೆ ಗಟ್ಟಿತನ ಕೊಡುವ ವಸ್ತು) ಹೆಚ್ಚಿರುವುದರಿಂದ ಬೇಗ ಕೊಳೆಯುವುದಿಲ್ಲ. ಆದರೆ ಅದರ ಜಾಗ ಗಾರೆಯಲ್ಲಿ, ಬಲ ಕೊಡುವ ಎಳೆಯಾಗಿ. ನಾರಿನ ಜೊತೆ ಬರುವ ಪುಡಿ ಮಾತ್ರ ನೀರನ್ನು ಹೀರಿ ಬಿಡದೆ ಕೂರುತ್ತದೆ, ಜರಡಿ ಹಿಡಿದು ತೆಗೆದುಬಿಡಿ.

ಬಂದ ಪ್ರತಿ ಮೂಟೆಗೂ ಮೂರು ಪರೀಕ್ಷೆ ಮಾಡಿ.

ಧೂಳು: 1 ಕೆಜಿ ಚೂರನ್ನು 1 ಮಿ.ಮೀ. ಕಣ್ಣಿನ ಜರಡಿಯಲ್ಲಿ ಆಡಿಸಿ. ಕೆಳಗೆ ಬಿದ್ದ ಪುಡಿ 50 ಗ್ರಾಂ ಮೀರಿದರೆ ಇಡೀ ಮೂಟೆಯನ್ನೇ ಜರಡಿ ಹಿಡಿಯಬೇಕು. ಪುಡಿ ಬೈಂಡರನ್ನೂ (ಚೂರುಗಳನ್ನು ಹಿಡಿದಿಡುವ ಸುಣ್ಣದ ಮಿಶ್ರಣ) ನೀರನ್ನೂ ತನ್ನ ಮೈಗೇ ಎಳೆದುಕೊಂಡು ಚೂರುಗಳಿಗೆ ಉಳಿಸುವುದಿಲ್ಲ.

ತೇವ: 500 ಗ್ರಾಂ ತೂಗಿ, 105 ಡಿಗ್ರಿಯ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. 440 ಗ್ರಾಂಗೆ ನಿಂತರೆ 60ನ್ನು 440ರಿಂದ ಭಾಗಿಸಿ: ಶೇ 13.6. ಶೇ 15ರೊಳಗೆ ಇದ್ದರೆ ಒಳ್ಳೆಯದು. ಶೇ 20 ದಾಟಿದ ಮೂಟೆಯ ನಡುವೆ ಕೈ ಹಾಕಿ ನೋಡಿ, ಬಿಸಿಯಾಗಿದ್ದರೆ ಅಥವಾ ಮುಗ್ಗುಲು ವಾಸನೆ ಬಂದರೆ ವಾಪಸು ಕಳಿಸಿ.

ಸಕ್ಕರೆ: ಇದನ್ನು ಯಾರೂ ಮಾಡುವುದಿಲ್ಲ, ಹೆಚ್ಚಿನ ಕೆಲಸ ಕೆಡುವುದೂ ಇಲ್ಲಿಯೇ. 100 ಗ್ರಾಂ ಚೂರನ್ನು 1 ಲೀಟರ್ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ ಸೋಸಿ. ಒಂದು ಡಬ್ಬಿಯಲ್ಲಿ ಬೈಂಡರನ್ನು ಶುದ್ಧ ನೀರಿನಲ್ಲೂ, ಇನ್ನೊಂದರಲ್ಲಿ ಅಷ್ಟೇ ಬೈಂಡರನ್ನು ಈ ಸೋಸಿದ ನೀರಿನಲ್ಲೂ ಗಟ್ಟಿಯಾಗಿ ಕಲಸಿ ಮುಚ್ಚಿಡಿ. ದಿನಕ್ಕೆರಡು ಸಲ ಮೊಳೆಯ ತುದಿಯಿಂದ ಒತ್ತಿ ನೋಡಿ. ಮೊದಲನೆಯದು ಗಟ್ಟಿಯಾಗಿ ಎರಡು ದಿನ ಕಳೆದರೂ ಎರಡನೆಯದು ಮೆತ್ತಗೇ ಇದ್ದರೆ ಆ ದಂಟಿನ ಸಕ್ಕರೆ ಬೈಂಡರನ್ನು ಕಟ್ಟಲು ಬಿಡುತ್ತಿಲ್ಲ ಎಂದರ್ಥ. ಬಿಸಿನೀರಿನಲ್ಲಿ ತೊಳೆದು ಒಣಗಿಸಬೇಕು, ಇಲ್ಲವೇ ಬೇರೆ ದಂಟು ತರಬೇಕು.

ಬೈಂಡರ್

ತೂಕದ ಲೆಕ್ಕದಲ್ಲಿ 75 ಭಾಗ ಅರಳಿದ ಸುಣ್ಣದ ಪುಡಿ, 15 ಭಾಗ ನೀರಿನಲ್ಲೇ ಗಟ್ಟಿಯಾಗುವ ಹೈಡ್ರಾಲಿಕ್ ಸುಣ್ಣ ಅಥವಾ ಸಿಮೆಂಟ್, 10 ಭಾಗ ಮೆಟಾಕಯೊಲಿನ್‌ನಂಥ (ಸುಟ್ಟ ಬಿಳಿ ಜೇಡಿಯ ಪುಡಿ) ಪೊಜೊಲಾನ್, ಅಂದರೆ ಸುಣ್ಣದ ಜೊತೆ ಸೇರಿ ಗಟ್ಟಿಯಾಗುವ ಪುಡಿ. ಅರಳಿದ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ತಿಂಗಳುಗಟ್ಟಲೆ ನಿಧಾನವಾಗಿ ಕಲ್ಲಾಗುತ್ತದೆ. ಅಲ್ಲಿಯವರೆಗೆ ಗೋಡೆ ನಿಂತಿರಲು ಉಳಿದ ಎರಡು ಬೇಕು.

ಬೇಗ ಗಟ್ಟಿಯಾಗಲಿ ಎಂದು ಸಿಮೆಂಟ್ ಹೆಚ್ಚಿಸುವುದು ತಪ್ಪು. ಸಿಮೆಂಟ್ ಕಟ್ಟಲು ನೀರು ಬೇಕು. ಪಕ್ಕದಲ್ಲೇ ತನ್ನ ತೂಕದ ಮೂರು ಪಟ್ಟು ನೀರು ಕುಡಿಯಬಲ್ಲ ಬೆಂಡು ಕೂತಿದೆ. ಅದು ನೀರು ಕಿತ್ತುಕೊಂಡು ಪ್ರತಿಯಾಗಿ ಸಕ್ಕರೆ ಬಿಡುತ್ತದೆ. ಹೊರಮೈ ಗಟ್ಟಿಯಾದಂತೆ ಕಂಡರೂ ನಡುವೆ ಪುಡಿ ಪುಡಿಯಾಗಿ ಉಳಿಯುತ್ತದೆ.

ಸುಟ್ಟ ಸುಣ್ಣದ ಹರಳನ್ನು ತಂದು ದಂಟಿನ ಪಕ್ಕದಲ್ಲಿ ಅರಳಿಸಬೇಡಿ. ಆಗ ಏಳುವ ಬಿಸಿಗೆ ಒಣ ದಂಟು ಹೊತ್ತಿಕೊಳ್ಳಬಹುದು. ಅರಳಿದ ಸುಣ್ಣವೂ ಸೌಮ್ಯವಲ್ಲ, ಅದರ ಪಿಎಚ್ 12ಕ್ಕಿಂತ ಹೆಚ್ಚು. ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ, ಕೈಗೆ ಉದ್ದನೆಯ ರಬ್ಬರ್ ಗ್ಲೌಸ್, ಮೂಗಿಗೆ ಧೂಳಿನ ಮಾಸ್ಕ್ ಇಲ್ಲದೆ ಚೀಲ ಬಿಚ್ಚಬಾರದು. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು ಕೂಡಲೇ ವೈದ್ಯರ ಬಳಿ ಹೋಗಿ.

ಗೋಡೆಯ ಸಿದ್ಧತೆ

ಗೋಡೆಗೆ ಕೆಳಗಿನಿಂದ ತೇವ ಏರುತ್ತಿದ್ದರೆ, ಪೈಪ್ ಸೋರುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ. ತೇವದ ಗೋಡೆಗೆ ಇನ್ಸುಲೇಶನ್ ಹಾಕಿದರೆ ತೇವವನ್ನು ಮುಚ್ಚಿಟ್ಟಂತೆ. ಹಳೆಯ ಪೇಂಟ್, ಸಡಿಲವಾದ ಪ್ಲಾಸ್ಟರ್ ಕಿತ್ತು ಇಟ್ಟಿಗೆ ಕಾಣುವಂತೆ ಮಾಡಿ.

ಪದರ ನೆಲದಿಂದ 200–300 ಮಿ.ಮೀ. ಮೇಲೆ ಶುರುವಾಗಬೇಕು, ಮಳೆಹನಿ ನೆಲಕ್ಕೆ ಬಿದ್ದು ಸಿಡಿಯುವ ಎತ್ತರ ಅದು. ಕೆಳಗಡೆ ನೀರು ತಡೆಯುವ ಹಾಳೆ ಹಾಸಿ. ಮೇಲೆ ಸೂರು 450 ಮಿ.ಮೀ.ಯಾದರೂ ಚಾಚಿರಲಿ.

50×50 ಮಿ.ಮೀ. ಮರದ ರೀಪುಗಳನ್ನು 600 ಮಿ.ಮೀ. ಅಂತರದಲ್ಲಿ ನೆಟ್ಟಗೆ ನಿಲ್ಲಿಸಿ ಗೋಡೆಗೆ ಬಿಗಿಯಿರಿ. ಸ್ಕ್ರೂ ಸ್ಟೇನ್‌ಲೆಸ್ ಅಥವಾ ಗ್ಯಾಲ್ವನೈಸ್ ಆದದ್ದಿರಲಿ. ಅಲ್ಯುಮಿನಿಯಂ ಕಿಟಕಿಯ ಚೌಕಟ್ಟಿಗೆ ಟೇಪ್ ಸುತ್ತಿ, ಹಸಿ ಸುಣ್ಣ ಅದನ್ನು ತಿನ್ನುತ್ತದೆ. ವಿದ್ಯುತ್ ತಂತಿ ಪೈಪಿನೊಳಗೇ ಹೋಗಲಿ.

ಸೆಂಟ್ರಿಂಗ್ ಹಲಗೆ 600 ಮಿ.ಮೀ. ಎತ್ತರದ್ದು ಸಾಕು. ರೀಪಿಗೂ ಹಲಗೆಗೂ ನಡುವೆ 50 ಮಿ.ಮೀ. ಉದ್ದದ ಪ್ಲಾಸ್ಟಿಕ್ ಪೈಪ್ ತುಂಡು ಇಟ್ಟು, ಅದರ ಒಳಗಿಂದ ಉದ್ದನೆಯ ಸ್ಕ್ರೂ ಹಾಕಿ ಬಿಗಿದರೆ ಎಲ್ಲೆಡೆ 100 ಮಿ.ಮೀ. ತಪ್ಪದೆ ಬರುತ್ತದೆ. ಹಲಗೆ ತೆಗೆದ ಮೇಲೆ ಪೈಪ್ ಎಳೆದು ತೂತನ್ನು ಅದೇ ಮಿಶ್ರಣದಿಂದ ಮುಚ್ಚಿ.

ಕಲಸುವುದು

100 ಲೀಟರ್ ತುಂಬುವ ಒಂದು ಕಲಸಿಗೆ 11 ಕೆಜಿ ಚೂರು, 22 ಕೆಜಿ ಬೈಂಡರ್, ಸುಮಾರು 33 ಲೀಟರ್ ನೀರು. 10 ಚದರ ಮೀಟರ್ ಗೋಡೆಗೆ, 100 ಮಿ.ಮೀ. ದಪ್ಪಕ್ಕೆ, ಇಂಥ ಹತ್ತು ಕಲಸು ಬೇಕು. ಬುಟ್ಟಿಯ ಅಳತೆ ನಂಬಬೇಡಿ. ಚೂರು ಒಮ್ಮೆ ಸಡಿಲ, ಒಮ್ಮೆ ಬಿಗಿ ಕೂರುತ್ತದೆ. ತೂಗಿಯೇ ಹಾಕಿ.

ಅಲಗುಗಳು ತಳದಲ್ಲಿ ತಿರುಗುವ ಪ್ಯಾನ್ ಮಿಕ್ಸರ್ ಇದ್ದರೆ ಉತ್ತಮ. ಕಾಂಕ್ರೀಟಿನ ಡ್ರಮ್ ಮಿಕ್ಸರ್‌ನಲ್ಲಿ ಉಂಡೆಗಳಾಗುವುದು ಹೆಚ್ಚು. ಅದನ್ನೇ ಬಳಸುವುದಾದರೆ ಅರ್ಧ ಕಲಸು ಮಾತ್ರ ಹಾಕಿ. 30 ಲೀಟರ್ ನೀರಿಗೆ ಬೈಂಡರ್ ಸುರಿದು ಗಂಟಿಲ್ಲದ ತಿಳಿ ಮಾಡಿ (ಅರ್ಧ ಕಲಸಿಗೆ 15 ಲೀಟರ್), ಆಮೇಲೆ ಚೂರನ್ನು ನಾಲ್ಕೈದು ಸಲ ಸ್ವಲ್ಪ ಸ್ವಲ್ಪವಾಗಿ ಬಿಡಿ. ಮೂರರಿಂದ ಐದು ನಿಮಿಷ ಸಾಕು. ಹೆಚ್ಚು ತಿರುಗಿಸಿದರೆ ಚೂರು ಮುರಿದು ಪುಡಿಯಾಗುತ್ತದೆ.

ಹದ ನೋಡುವುದು ಹೀಗೆ. ಗ್ಲೌಸ್ ಹಾಕಿದ ಕೈಯಲ್ಲಿ ಒಂದು ಹಿಡಿ ತೆಗೆದು ಮುಷ್ಟಿ ಬಿಗಿ ಹಿಡಿಯಿರಿ. ಬೆರಳ ಸಂದಿಯಿಂದ ನೀರು ಜಿನುಗಬಾರದು. ಮುಷ್ಟಿ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಎರಡು ಮೂರು ತುಂಡಾಗಿ ಒಡೆಯಬೇಕು. ಉಂಡೆ ಕಟ್ಟದೆ ಉದುರಿದರೆ ಉಳಿಸಿಕೊಂಡ 3 ಲೀಟರ್‌ನಲ್ಲಿ ಒಂದೊಂದೇ ಲೀಟರ್ ಚಿಮುಕಿಸಿ. ಒತ್ತಿದರೂ ಒಡೆಯದೆ ಚಪ್ಪಟೆಯಾದರೆ ನೀರು ಹೆಚ್ಚಾಗಿದೆ. ಒಡೆದ ಮುಖದಲ್ಲಿ ಪ್ರತಿ ಚೂರಿನ ಮೇಲೂ ಬಿಳಿ ಲೇಪ ಕಾಣಬೇಕು. ಕಂದು ಬಣ್ಣದ ಒಣ ಚೂರು ಇಣುಕಿದರೆ ಇನ್ನೊಂದು ನಿಮಿಷ ತಿರುಗಿಸಿ.

ಕೆಲಸ ಶುರುವಾಗುವ ಎರಡು ತಿಂಗಳ ಮೊದಲೇ ಒಂದು ಮಾದರಿ ಗಟ್ಟಿ ಎರೆಯಿರಿ. 200×200×100 ಮಿ.ಮೀ. ಅಚ್ಚಿನಲ್ಲಿ 4 ಲೀಟರ್ ಹಿಡಿಯುತ್ತದೆ, ಹಸಿಯಲ್ಲಿ ಸುಮಾರು 2.64 ಕೆಜಿ ತೂಗಬೇಕು. ಪೂರ್ತಿ ಒಣಗಿದಾಗ 1.4 ಕೆಜಿ ಆಸುಪಾಸು ನಿಂತರೆ ಘನ ಮೀಟರ್‌ಗೆ 350 ಕೆಜಿ, ನಮಗೆ ಬೇಕಾದ ಸಾಂದ್ರತೆ. 1.8 ಕೆಜಿ ಬಂದರೆ ಕೈ ಭಾರವಾಯಿತು, ಗಾಳಿ ಹೋಯಿತು, ಮೇಲೆ ಲೆಕ್ಕ ಹಾಕಿದ 0.08 ಸಿಗುವುದಿಲ್ಲ.

ತುಂಬುವುದು

100–150 ಮಿ.ಮೀ. ಎತ್ತರದ ವರಸೆಗಳಲ್ಲಿ ತುಂಬುತ್ತಾ ಹೋಗಿ. ಅಂಚು, ಮೂಲೆ, ರೀಪಿನ ಸುತ್ತ, ಹಲಗೆಯ ಮಗ್ಗುಲು ಮರದ ತುಂಡಿನಿಂದ ಚೆನ್ನಾಗಿ ಅದುಮಿ. ನಡುವೆ ಕೈಯಿಂದ ಹರಡಿ ಬರೀ ತಟ್ಟಿದರೆ ಸಾಕು. ಕಾಂಕ್ರೀಟ್ ಕೆಲಸ ಮಾಡಿ ಪಳಗಿದ ಕೈಗಳಿಗೆ ಇದು ಕಷ್ಟ: ಬಿಗಿಯಾದಷ್ಟೂ ಒಳ್ಳೆಯದು ಎಂಬ ಅಭ್ಯಾಸ ಅಲ್ಲಿಯದು, ಇಲ್ಲಿ ಅದೇ ಹಾನಿ. ದಮ್ಮಸು ತರಲೇಬೇಡಿ.

ಕೈ ಹೇಗಿದೆ ಎಂದು ತಿಳಿಯಲು ಹಲಗೆಯ ಮೇಲೆ ಗುರುತು ಹಾಕಿಕೊಳ್ಳಿ. 1 ಮೀಟರ್ ಅಗಲ, 100 ಮಿ.ಮೀ. ದಪ್ಪದ ಜಾಗದಲ್ಲಿ ಅರ್ಧ ಕಲಸು 500 ಮಿ.ಮೀ. ಎತ್ತರಕ್ಕೆ ಬರಬೇಕು. 425 ಮಿ.ಮೀ.ಗೇ ಮುಗಿದರೆ ಹೆಚ್ಚು ಅದುಮಿದ್ದೀರಿ. 550 ಮಿ.ಮೀ. ದಾಟಿದರೆ ಒಳಗೆ ಪೊಳ್ಳುಗಳಿವೆ.

ಮರುದಿನ ಹಲಗೆ ಬಿಚ್ಚಿ ಮೇಲಕ್ಕೆ ಏರಿಸಿ. ಹಲಗೆ ಇದ್ದಷ್ಟು ದಿನ ಗೋಡೆ ಒಣಗುವುದಿಲ್ಲ, ಬಿಟ್ಟು ರಜೆ ಹೋಗಬೇಡಿ. ಬಿಚ್ಚಿದ ಮೈಯನ್ನು ಮೊದಲ ಮೂರು ದಿನ ಬಿಸಿಲು, ಬಿಸಿಗಾಳಿಯಿಂದ ಕಾಯಬೇಕು. ಗೋಡೆಯಿಂದ ಒಂದಡಿ ದೂರದಲ್ಲಿ ಬಟ್ಟೆ ಇಳಿಬಿಟ್ಟರೆ ಸಾಕು. ಆಮೇಲೂ ಮಳೆ ತಾಗದಂತೆ ಮರೆ ಇರಲಿ, ಆದರೆ ಪ್ಲಾಸ್ಟಿಕ್ ಹಾಳೆಯನ್ನು ಮೈಗೆ ಅಂಟಿಸಬೇಡಿ. ತಾಪಮಾನ 5 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಈ ಕೆಲಸವೇ ಬೇಡ.

ಒಣಗಿಸುವುದು

10 ಚದರ ಮೀಟರ್ ಗೋಡೆಗೆ 330 ಲೀಟರ್ ನೀರು ಸುರಿದಿದ್ದೀರಿ. ಸ್ವಲ್ಪ ಭಾಗ ಬೈಂಡರ್‌ನಲ್ಲಿ ಕಲ್ಲಾಗಿ ಉಳಿಯುತ್ತದೆ, ಮಿಕ್ಕಿದ್ದೆಲ್ಲ ಆವಿಯಾಗಿ ಒಂದೇ ಮುಖದಿಂದ ಹೊರಬರಬೇಕು. ಒಳ್ಳೆಯ ಗಾಳಿಯಿದ್ದರೂ ಆರರಿಂದ ಎಂಟು ವಾರ ಹಿಡಿಯಿರಿ, ಹವೆ ತೇವವಾಗಿದ್ದರೆ ಅದರ ಎರಡು ಪಟ್ಟು. ಎಲ್ಲರೂ ಆತುರಪಡುವುದು ಇಲ್ಲಿ, ಪಶ್ಚಾತ್ತಾಪಪಡುವುದೂ ಇಲ್ಲಿಯದೇ ಕೆಲಸಕ್ಕೆ.

ಮೇಲ್ಮೈ ಮುಟ್ಟಿ ನೋಡಿ ಒಣಗಿದೆ ಎನ್ನಬೇಡಿ, ಮೇಲ್ಮೈ ಮೊದಲ ವಾರವೇ ಬೆಳ್ಳಗಾಗುತ್ತದೆ. 12 ಮಿ.ಮೀ. ತೂತು 70 ಮಿ.ಮೀ. ಆಳಕ್ಕೆ ಕೊರೆದು, ಒಣಗಿದ ಮರದ ಗೂಟವನ್ನು ಒಳಗೆ ತೂರಿಸಿ ಬಾಯಿ ಮುಚ್ಚಿ. ಒಂದು ವಾರದ ನಂತರ ಹೊರತೆಗೆದು ಮರದ ತೇವ ಅಳೆಯುವ ಮೀಟರ್ ಚುಚ್ಚಿ. ಶೇ 18ಕ್ಕಿಂತ ಕೆಳಗಿದ್ದರೆ ಗಾರೆಗೆ ಸಿದ್ಧ. ಪ್ರತಿ ಗೋಡೆಯಲ್ಲಿ ಕೆಳಗೊಂದು, ಮಧ್ಯೆ ಒಂದು ಗೂಟ ಇರಲಿ. ಕೆಳಗಿನದು ಯಾವಾಗಲೂ ತಡ. ಮೀಟರ್ ಇಲ್ಲದಿದ್ದರೆ ಗೋಡೆ ತುಂಬಿದ ದಿನವೇ ಅದೇ ಕಲಸಿನಿಂದ ಇನ್ನೊಂದು ಗಟ್ಟಿ ಎರೆದು, ಒಂದು ದೊಡ್ಡ ಮುಖ ಬಿಟ್ಟು ಉಳಿದ ಐದಕ್ಕೂ ಪ್ಲಾಸ್ಟಿಕ್ ಸುತ್ತಿ ಗೋಡೆಯ ಪಕ್ಕದಲ್ಲೇ ಇಡಿ. ಅದರ ತೂಕ ವಾರದಿಂದ ವಾರಕ್ಕೆ ಶೇ 1ಕ್ಕಿಂತ ಕಡಿಮೆ ಇಳಿಯತೊಡಗಿದರೆ ಗೋಡೆಯೂ ಹತ್ತಿರ ಬಂದಿದೆ.

ಗಾರೆ

1 ಭಾಗ ಸುಣ್ಣಕ್ಕೆ 3 ಭಾಗ ತೊಳೆದ ಮರಳು, ಬಕೆಟ್ಟಿಗೆ ಒಂದು ಹಿಡಿ 20–40 ಮಿ.ಮೀ.ಗೆ ಕತ್ತರಿಸಿದ ತೆಂಗಿನ ನಾರು. ಗೋಡೆಗೆ ನೀರು ಚಿಮುಕಿಸಿ ಮೊದಲ ಕೈ 8–10 ಮಿ.ಮೀ. ಮೆತ್ತಿ ಗೀರು ಹಾಕಿ. ಅದು ಗಟ್ಟಿಯಾದ ಮೇಲೆ 5 ಮಿ.ಮೀ. ಎರಡನೇ ಕೈ. ಒಂದು ವಾರ ಬೆಳಿಗ್ಗೆ ಸಂಜೆ ಮಂಜಿನಂತೆ ನೀರು ಸಿಂಪಡಿಸಿ. ಕೊನೆಗೆ ಸುಣ್ಣದ ತಿಳಿ ಅಥವಾ ಸಿಲಿಕೇಟ್ ಪೇಂಟ್.

ಸಿಮೆಂಟ್ ಪ್ಲಾಸ್ಟರ್ ಮತ್ತು ಅಕ್ರಿಲಿಕ್ ಪೇಂಟ್ ಈ ಗೋಡೆಗೆ ಸಲ್ಲವು. ಸಣ್ಣ ಬಿರುಕಿನಲ್ಲಿ ಒಳಹೊಕ್ಕ ಮಳೆನೀರು ಸುಣ್ಣದ ಗಾರೆಯಾದರೆ ಆವಿಯಾಗಿ ವಾಪಸು ಹೋಗುತ್ತದೆ. ಅಕ್ರಿಲಿಕ್ ಪೊರೆ ಅದನ್ನು ಹಿಡಿದಿಡುತ್ತದೆ, ಒಳಗಿನ ಬೆಂಡು ಕೊಳೆಯುತ್ತದೆ. ಬೆಂಕಿಯ ದೃಷ್ಟಿಯಿಂದಲೂ ಗಾರೆ ಮುಖ್ಯ. ಸುಣ್ಣ ಹೊದ್ದ ಚೂರು ಜ್ವಾಲೆಯಾಗಿ ಉರಿಯದೆ ಕರಕಾಗುತ್ತದೆ ನಿಜ, ಆದರೆ ಮೈದಾನದಲ್ಲಿ ಬಿದ್ದಿರುವ ಒಣ ಚೂರಿನ ರಾಶಿ ಒಂದು ಕಿಡಿಗೆ ಹತ್ತುತ್ತದೆ. ವೆಲ್ಡಿಂಗ್ ಕೆಲಸ ಇದ್ದರೆ ಮೂಟೆ ಬರುವ ಮೊದಲೇ ಮುಗಿಸಿ.

ಕೆಟ್ಟಾಗ

ಮೈ ಕೆರೆದರೆ ಹಿಟ್ಟಿನಂತೆ ಉದುರುತ್ತಿದೆ: 5–10 ಮಿ.ಮೀ. ಮಾತ್ರ ಹೀಗಿದ್ದರೆ ಬಿಸಿಗಾಳಿಗೆ ಬೇಗ ನೀರಾರಿದೆ. ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೆಗೆದು, ಸುಣ್ಣದ ನೀರು ಎರಡು ಸಲ ಬಳಿದು ಗಾರೆ ಮಾಡಬಹುದು. ಸ್ಕ್ರೂಡ್ರೈವರ್ ಸಲೀಸಾಗಿ 50 ಮಿ.ಮೀ. ಒಳಗಿಳಿದರೆ ಬೈಂಡರ್ ಕಟ್ಟಿಯೇ ಇಲ್ಲ. ಅಷ್ಟು ಭಾಗ ಕಿತ್ತು ಹೊಸದಾಗಿ ತುಂಬುವುದೊಂದೇ ದಾರಿ.

ಕಂದು ಕಲೆ: ದಂಟಿನ ಬಣ್ಣ ನೀರಿನ ಜೊತೆ ಮೇಲ್ಮೈಗೆ ಬಂದಿದೆ. ಬಲಕ್ಕೆ ತೊಂದರೆಯಿಲ್ಲ. ಪೂರ್ತಿ ಒಣಗದೆ ಬಣ್ಣ ಹೊಡೆದರೆ ಮತ್ತೆ ಇಣುಕುತ್ತದೆ.

ಬೂಷ್ಟು: ಸುಣ್ಣದ ಕ್ಷಾರ ಬೂಷ್ಟನ್ನು ತಡೆಯುತ್ತದೆ ಎಂದು ನಂಬಿ ಸುಮ್ಮನಿರುವವರಿದ್ದಾರೆ. ಗಾಳಿ ತಾಗಿದ ಮೇಲ್ಮೈಯಲ್ಲಿ ಆ ಕ್ಷಾರ ಬೇಗ ಇಳಿಯುತ್ತದೆ. ಹವೆಯ ಸಾಪೇಕ್ಷ ಆರ್ದ್ರತೆ ಶೇ 80ರ ಮೇಲೆ ವಾರಗಟ್ಟಲೆ ನಿಂತರೆ ಬೂಷ್ಟು ಬಂದೇ ಬರುತ್ತದೆ. ಫ್ಯಾನ್ ಇಟ್ಟು ಗಾಳಿ ಆಡಿಸಿ. ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು ಉಜ್ಜಿ ತೆಗೆದು ಸುಣ್ಣ ಬಳಿಯಿರಿ. ಒಳಗಿನಿಂದ ಹುಳಿ ವಾಸನೆ ಬರುತ್ತಿದ್ದರೆ ಮೇಲಿನ ಉಪಚಾರ ಸಾಲದು, ನೀರು ಎಲ್ಲಿಂದಲೋ ಬರುತ್ತಿದೆ, ಹುಡುಕಿ.

ಮೇಲ್ತುದಿಯಲ್ಲಿ ಬಿರುಕು: ಒಣಗುವಾಗ ಪದರ ಸ್ವಲ್ಪ ಕುಸಿದು ಸೂರಿನ ಕೆಳಗೆ 10–20 ಮಿ.ಮೀ. ಸಂದಿ ಬೀಳಬಹುದು. ಗಾರೆಗೆ ಮೊದಲು ಅದೇ ಮಿಶ್ರಣ ತುರುಕಿ ಮುಚ್ಚಿ. ಬಿಟ್ಟರೆ ಅಲ್ಲಿಂದ ಗಾಳಿ ನುಗ್ಗಿ ಇಡೀ ಗೋಡೆಯ ಲೆಕ್ಕ ಕೆಡುತ್ತದೆ.

ಗೆದ್ದಲು: ಸುಣ್ಣ ಅದಕ್ಕೆ ಇಷ್ಟವಲ್ಲ, ಆದರೆ ಮರದ ರೀಪು ಇಷ್ಟ. ನೆಲದಿಂದ ಬಿಟ್ಟ 200–300 ಮಿ.ಮೀ. ಜಾಗಕ್ಕೆ ಮಣ್ಣು, ಗಿಡದ ಕುಂಡ, ಸೌದೆ ಒರಗಿಸಬೇಡಿ. ಮಣ್ಣಿನ ಸುರಂಗ ಏರುತ್ತಿದ್ದರೆ ಆ ಖಾಲಿ ಪಟ್ಟಿಯಲ್ಲೇ ಕಣ್ಣಿಗೆ ಬೀಳುತ್ತದೆ.

ಸೀಲಿಂಗ್ ಮೇಲೆ ಹಾಕುವುದಾದರೆ

ಅಲ್ಲಿ ಪದರ ತನ್ನ ಕಾಲ ಮೇಲೆ ನಿಲ್ಲಬೇಕಿಲ್ಲ, ಹಾಗಾಗಿ ಬೈಂಡರ್ ಅರ್ಧಕ್ಕೆ ಇಳಿಸಬಹುದು: ಘನ ಮೀಟರ್‌ಗೆ 100 ಕೆಜಿ ಚೂರು, 100 ಕೆಜಿ ಬೈಂಡರ್, ಸುಮಾರು 200 ಲೀಟರ್ ನೀರು. ಅದುಮದೆ ಬರೀ ಹರಡಿ ಮಟ್ಟ ಮಾಡಿ. ಒಣಗಿದಾಗ ವಾಹಕತೆ 0.06ರ ಹತ್ತಿರ. 200 ಮಿ.ಮೀ. ಪದರ ಹಸಿಯಲ್ಲಿ ಚದರ ಮೀಟರ್‌ಗೆ 80 ಕೆಜಿ ತೂಗುತ್ತದೆ. ಕೆಳಗಿನ ತೊಲೆ, ಹಲಗೆ ಈ ಹಸಿ ತೂಕವನ್ನು ತಡೆಯಬೇಕು. ಒಣಗಿದ ತೂಕ ನೋಡಿ ಲೆಕ್ಕ ಹಾಕಿದರೆ ಹಾಕಿದ ದಿನವೇ ಸೀಲಿಂಗ್ ಬಾಗುತ್ತದೆ. ಹುದುಗಿಸಿದ ದೀಪಗಳಿಗೆ ಮೇಲಿನಿಂದ ಉರಿಯದ ಡಬ್ಬಿ ಮುಚ್ಚಿ, ಡಬ್ಬಿಗೂ ಮಿಶ್ರಣಕ್ಕೂ ಸಂದು ಬಿಡಿ. ಮೇಲ್ಚಾವಣಿಗೂ ಪದರಕ್ಕೂ ನಡುವೆ ಗಾಳಿ ಆಡುವಂತೆ ಸೂರಿನ ಎರಡೂ ಕಡೆ ಕಿಂಡಿ ಇರಲಿ, ಇಲಿ ಬಾರದಂತೆ ಅದಕ್ಕೆ ಜಾಲರಿ.